ಯಂತ್ರ ಒಲ್ಲೆನೆಂದ ಹನ್ನೊಂದು ದಿನ

ಹುನಗುಂದದಿಂದ ಇಲಕಲ್ ರಸ್ತೆಗೆ ಎರಡು ಮೈಲಿ ಹೋದರೆ ಬಲಗಡೆ ಶಿವಸಂಗಪ್ಪನವರ ಶೆಡ್ಡು ಇತ್ತು. ಕಲ್ಲಿನ ಗೋಡೆ, ತಗಡಿನ ಹೊದಿಕೆ, ಮಗ್ಗುಲಿಗೆ ಕೆಂಪು ಗ್ರಾನೈಟ್ ಕೊಯ್ಯುವ ಕಾರ್ಖಾನೆ. ಆ ಶೆಡ್ಡಿನೊಳಗೆ ಏನು ನಡೆಯುತ್ತದೆಂದು ಯಾರಾದರೂ ಕೇಳಿದರೆ ಎದುರಿನ ಚಹಾದಂಗಡಿಯವನು, “ರಬ್ಬರ್ ಕೈಗೋಳಿಗೆ ಕರೆಂಟ್ ಹಾಯಸ್ತಾರ್ರಿ” ಎನ್ನುತ್ತಿದ್ದ. ಅವನು ಹೇಳಿದ್ದು ನಿಜವೇ.

ಲೈನ್‌ಮನ್‌ಗಳು ತೊಡುವ, ಮೊಳಕೈ ಮುಚ್ಚುವಷ್ಟು ಉದ್ದದ ದಪ್ಪ ರಬ್ಬರಿನ ಕೈಗವಸುಗಳನ್ನು ಆರು ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ಬಾಗಲಕೋಟೆ, ಬಾದಾಮಿ, ಹುನಗುಂದದ ಲೈನ್ ಕಚೇರಿಗಳಿಂದ ಅವು ಗೋಣಿಚೀಲಗಳಲ್ಲಿ ಬರುತ್ತಿದ್ದವು. ಕೈಗವಸಿನೊಳಗೆ ನೀರು ತುಂಬಿ, ನೀರು ತುಂಬಿದ ತೊಟ್ಟಿಯಲ್ಲಿ ಅದನ್ನು ಇಳಿಬಿಟ್ಟು, ಒಳಗಿನ ನೀರಿಗೂ ಹೊರಗಿನ ನೀರಿಗೂ ನಡುವೆ ಐವತ್ತು ಸಾವಿರ ವೋಲ್ಟನ್ನು ಮೂರು ನಿಮಿಷ ಕೊಟ್ಟು ನೋಡಬೇಕು. ರಬ್ಬರಿನಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಕರೆಂಟು ಅದನ್ನು ಹುಡುಕಿಕೊಂಡು ‘ಫಟ್’ ಎಂದು ಹಾಯುತ್ತದೆ. ಹಾಗೆ ಕೆಟ್ಟದ್ದನ್ನು ಯಾರೂ ಮತ್ತೆ ತೊಡದಂತೆ ಕತ್ತರಿಯಿಂದ ಅಡ್ಡ ಸೀಳಿ ಮೂಲೆಗೆ ಎಸೆಯುತ್ತಿದ್ದರು. ಉಳಿದವಕ್ಕೆ ಅಂಚಿನ ಮೇಲೆ ತಾರೀಖಿನ ಸಿಕ್ಕಾ ಹೊಡೆಯುತ್ತಿದ್ದರು.

ಈ ಕೆಲಸ ಮಾಡುತ್ತಿದ್ದವರು ಇಬ್ಬರು. ಒಬ್ಬ ಸಂಗಯ್ಯ. ನಲವತ್ತರ ಹತ್ತಿರದವನು, ಇಲಕಲ್ ಬಜಾರದಲ್ಲಿ ಹದಿನಾಲ್ಕು ವರ್ಷ ರೇಡಿಯೋ ರಿಪೇರಿ ಮಾಡಿ ಕೈ ಪಳಗಿಸಿಕೊಂಡವನು. ಇನ್ನೊಬ್ಬಳು ಬಾಳವ್ವ, ಇಲಕಲ್ಲಿನ ನೇಕಾರರ ಮನೆಯ ಹೆಂಗಸು. ತೊಟ್ಟಿಗೆ ನೀರು ತುಂಬುವುದು, ಕೈಗವಸು ಇಳಿಬಿಡುವುದು, ತೆಗೆದು ಒರೆಸಿ ಒಣಗಿಸುವುದು ಅವಳ ಪಾಲು. ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು.

ಮೊದಲೆರಡು ವರ್ಷ ಸಂಗಯ್ಯ ಹೈವೋಲ್ಟೇಜ್ ಯಂತ್ರದ ಮುಂದೆಯೇ ನಿಂತು, ಒಂದು ಕಣ್ಣು ಮುಳ್ಳಿನ ಮೇಲೆ, ಇನ್ನೊಂದು ಗಡಿಯಾರದ ಮೇಲೆ ಇಟ್ಟುಕೊಂಡು ಕೈಯಿಂದಲೇ ತಿರುಗಣೆ ತಿರುಗಿಸುತ್ತಿದ್ದ. ೧೯೮೭ರ ಬೇಸಿಗೆಯಲ್ಲಿ ಶಿವಸಂಗಪ್ಪನವರು ಮುಂಬಯಿಯಿಂದ ಹೊಸ ಯಂತ್ರ ತರಿಸಿದರು. ಅದಕ್ಕೆ ಕಂಪ್ಯೂಟರಿನಿಂದ ತಂತಿಯ ಮೂಲಕ ಆಜ್ಞೆ ಕೊಡಬಹುದಿತ್ತು. ಜೊತೆಗೆ ಒಂದು ಸಣ್ಣ ಕಂಪ್ಯೂಟರೂ ಬಂತು. ಯಂತ್ರವನ್ನು ತೊಟ್ಟಿಯೊಂದಿಗೆ ಒಳಕೋಣೆಯ ತಂತಿಜಾಲರಿಯ ಪಂಜರದಲ್ಲಿಟ್ಟು, ಕಂಪ್ಯೂಟರನ್ನು ಹೊರಕೋಣೆಯ ಮೇಜಿನ ಮೇಲಿಟ್ಟರು. ವೋಲ್ಟ್ ಇದ್ದಾಗ ಯಾರೂ ಹತ್ತಿರ ಸುಳಿಯಬೇಕಾಗಿಲ್ಲ, ಅದೇ ಅದರ ದೊಡ್ಡ ಉಪಯೋಗ. ಪ್ರೋಗ್ರಾಮನ್ನು ಸಂಗಯ್ಯನೇ ಬರೆದ. ಇಂಗ್ಲಿಷಿನ ದಪ್ಪ ಪುಸ್ತಕವನ್ನು ಬೆರಳಿಟ್ಟು ಓದುತ್ತ ಎರಡು ತಿಂಗಳು ಗುದ್ದಾಡಿ ಬರೆದ. ಅದು ನಡೆದ ದಿನ ಅವನು ಬಾಳವ್ವನಿಗೂ ತನಗೂ ಒಂದೊಂದು ಪೇಡೆ ತರಿಸಿದ್ದ.

ಕಂಪ್ಯೂಟರು ಯಂತ್ರಕ್ಕೆ ಕಳಿಸುತ್ತಿದ್ದ ಆಜ್ಞೆಗಳು ನಾಲ್ಕೇ. ಇಷ್ಟು ವೋಲ್ಟ್ ಎಂದು ಹೇಳುವುದು, ಕೊಡು ಎನ್ನುವುದು, ಕರೆಂಟು ಎಷ್ಟು ಹರಿಯುತ್ತಿದೆ ಎಂದು ಕೇಳುವುದು, ನಿಲ್ಲಿಸು ಎನ್ನುವುದು. ಒಂದೊಂದು ಆಜ್ಞೆಗೂ ಯಂತ್ರ ತಿರುಗಿ ಉತ್ತರ ಕಳಿಸುತ್ತಿತ್ತು. ಹೇಳಿದಂತೆ ಮಾಡಿದರೆ ‘ಓಕೆ’, ಮಾಡದಿದ್ದರೆ ಒಂದು ನಂಬರು. ಎರಡು ಎಂದರೆ ಹೇಳಿದ್ದು ತಿಳಿಯಲಿಲ್ಲ. ಐದು ಎಂದರೆ ಪಂಜರದ ಬಾಗಿಲು ತೆರೆದಿದೆ, ವೋಲ್ಟ್ ಕೊಡುವುದಿಲ್ಲ. ಉತ್ತರ ಓಕೆ ಅಲ್ಲದಿದ್ದರೆ ಅಲ್ಲೇ ನಿಂತುಬಿಡುವಂತೆ ಸಂಗಯ್ಯ ಪ್ರೋಗ್ರಾಮ್ ಬರೆದಿದ್ದ. ಆಗ ನಂಬರು ನೋಡಿ, ಕಾರಣ ಹುಡುಕಿ, ಆ ಕೈಗವಸಿನ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕು.

ತೊಂದರೆ ಬಂದದ್ದು ಮಗ್ಗುಲ ಕಾರ್ಖಾನೆಯಿಂದ. ಕಲ್ಲು ಕೊಯ್ಯುವ ದೊಡ್ಡ ಮೋಟಾರು ಚಾಲೂ ಆದಾಗಲೆಲ್ಲ ತಂತಿಯಲ್ಲಿ ಹೋಗುತ್ತಿದ್ದ ಅಕ್ಷರಗಳಲ್ಲಿ ಒಂದು ಕೆಡುತ್ತಿತ್ತು. ಯಂತ್ರ ‘ಎರಡು’ ಎನ್ನುತ್ತಿತ್ತು, ಪ್ರೋಗ್ರಾಮ್ ನಿಲ್ಲುತ್ತಿತ್ತು. ದಿನಕ್ಕೆ ಹತ್ತು ಸಲ, ಹನ್ನೆರಡು ಸಲ. ಎರಡು ಎಂದು ಬಂದರೆ ಅದೇ ಆಜ್ಞೆಯನ್ನು ಮತ್ತೊಮ್ಮೆ ಕಳಿಸುವಂತೆ ಬರೆಯುವುದು ಸರಿಯಾದ ದಾರಿಯೆಂದು ಸಂಗಯ್ಯನಿಗೆ ಗೊತ್ತಿತ್ತು. ಹುಬ್ಬಳ್ಳಿಯಿಂದ, ಮೋಟಾರಿನ ಕಾಟ ತಟ್ಟದಂತೆ ಲೋಹದ ಜಾಲರಿ ಹೊದಿಸಿದ ಕೇಬಲ್ ತಂದರೆ ಇನ್ನೂ ಒಳ್ಳೆಯದು. ಆದರೆ ದಸರೆ ಮುಗಿಯುವಷ್ಟರಲ್ಲಿ ಚೀಲಗಳು ಗೋಡೆಗುಂಟ ಎದೆಯೆತ್ತರ ಬಿದ್ದಿದ್ದವು. ದೀಪಾವಳಿಗೆ ಮೊದಲು ಕಳಿಸಿರೆಂದು ಎಲ್ಲ ಕಚೇರಿಗಳಿಂದ ಹೇಳಿಕೆ ಬರುತ್ತಿತ್ತು. ಒಂದು ಮಧ್ಯಾಹ್ನ ಒಂದೇ ಕೈಗವಸಿನ ಪರೀಕ್ಷೆ ನಾಲ್ಕು ಸಲ ನಿಂತಾಗ ಸಂಗಯ್ಯನ ತಾಳ್ಮೆ ಹರಿಯಿತು. ಕೂತು, ಒಂದು ಸಾಲು ತಿದ್ದಿದ. ‘ಓಕೆ ಅಲ್ಲದಿದ್ದರೆ ನಿಲ್ಲು’ ಎಂದಿದ್ದುದನ್ನು ‘ಓಕೆ ಅಲ್ಲದಿದ್ದರೂ ಮುಂದೆ ಹೋಗು’ ಎಂದು ಮಾಡಿದ. ಸದ್ಯಕ್ಕೆ, ಎಂದುಕೊಂಡ. ಹಬ್ಬ ಮುಗಿದ ಮೇಲೆ ಸರಿಯಾಗಿ ಬರೆದರಾಯಿತು.

ಆ ಮೇಲೆ ಕೆಲಸ ನೀರು ಹರಿದಂತೆ ನಡೆಯಿತು. ಚೀಲಗಳು ಕರಗಿದವು. ಹಬ್ಬ ಬಂತು, ಹೋಯಿತು. ತಿದ್ದಿದ ಸಾಲು ಹಾಗೇ ಉಳಿಯಿತು.

ಕಾರ್ತಿಕದ ಒಂದು ಬುಧವಾರ, ಬೆಳಗಿನ ಹತ್ತು ಗಂಟೆಗೆ, ಬಾಳವ್ವ ಕೈಯೊರೆಸಿಕೊಳ್ಳುತ್ತ ಸಂಗಯ್ಯನ ಮೇಜಿನ ಹತ್ತಿರ ಬಂದು ನಿಂತಳು.

“ಅಯ್ನಾರ, ಒಂದ್ ಕೆಟ್ಟದ್ ಇದ್ರ ಕೊಡ್ರಿ.”

“ಏನ್ ಕೆಟ್ಟದ್ದು?”

“ಗ್ಲೌಸ್ರಿ. ಮನ್ಯಾಗ ಹೊಸಾ ಸೀರಿ ಹಾಕ್ಯಾರ. ಮಗ್ಗದಾಗ ಲಾಳಿ ಬಂದು ಬಡಿಯೂ ಕಡೆ ರಬ್ಬರ್ ಸವದು ಹೋಗೇತಿ. ಮೊದ್ಲಿಂದೂ ಇಲ್ಲಿಂದ್ ಒಯ್ದದ್ದ ಇತ್ರಿ. ಹದಿನೈದ್ ದಿನಾತು ಮೂಲ್ಯಾಗ ನೋಡಾಕತ್ತೇನಿ, ಒಂದೂ ಬಿದ್ದಿಲ್ಲ.”

“ಈ ಸಲದ ಮಾಲು ಚಲೋ ಬಂದೈತಿ, ಬಾಳವ್ವ. ಕೆಡವಲ್ವು.”

“ಹೌದೇನ್ರಿ,” ಎಂದು ಅವಳು ತಿರುಗಿದಳು. ಎರಡು ಹೆಜ್ಜೆ ಹೋದವಳು ನಿಂತು, “ಆದ್ರ ಮಾಲು ಹಳೇದ ಐತಲ್ರಿ,” ಎಂದಳು. “ನಾನ ಒರಸ್ತೇನಲ್ಲ. ಹೋದ ಸಲದ ಸಿಕ್ಕಾನೂ ಅದಾವ ಅದ್ರ ಮ್ಯಾಲ.”

ಅವಳು ಏನನ್ನೂ ಎತ್ತಿ ತೋರಿಸಬೇಕೆಂದು ಹೇಳಿದ ಮಾತಲ್ಲ ಅದು. ಹೇಳಿ ಒಳಕೋಣೆಗೆ ಹೋದಳು. ಸಂಗಯ್ಯ ಕಂಪ್ಯೂಟರಿನ ಪರದೆಯನ್ನೇ ನೋಡುತ್ತ ಕುಳಿತ. ಪರದೆಯ ಮೇಲೆ ಆಗಷ್ಟೇ ಮುಗಿದ ಪರೀಕ್ಷೆಯ ಸಾಲಿತ್ತು. ಕರೆಂಟು ಸೊನ್ನೆ. ಪಾಸ್. ಒಳ್ಳೆಯ ಕೈಗವಸಿಗೆ ಸೊನ್ನೆಯೇ ಬರಬೇಕು, ಅದರಲ್ಲಿ ಅನುಮಾನಪಡುವಂಥದ್ದೇನಿಲ್ಲ. ಆದರೆ ಮೊದಲೆಲ್ಲ ಇಪ್ಪತ್ತಕ್ಕೆ ಒಂದಾದರೂ ‘ಫಟ್’ ಎಂದು ಹಾರಿ, ಒಳಗಿನಿಂದ ಸುಟ್ಟ ರಬ್ಬರಿನ ವಾಸನೆ ಬರುತ್ತಿತ್ತು. ಆ ಸದ್ದನ್ನು ಕೊನೆಗೆ ಕೇಳಿದ್ದು ಯಾವಾಗ? ನೆನಪು ಮಾಡಿಕೊಂಡ. ದೀಪಾವಳಿಯ ಹಿಂದಿನ ದಿನ.

ಎದ್ದು ಒಳಗೆ ಹೋಗಿ ಬಾಳವ್ವನನ್ನು ಹೊರಗೆ ಕರೆದ. “ನಾ ಒಳಗ ನಿಲ್ತೇನಿ. ಪಂಜರದ ಬಾಗಲಾ ಹಾಕು. ಆ ದೊಡ್ಡ ಗುಂಡಿ ಒತ್ತು.”

“ನಾನೇನ್ರಿ?”

“ಒತ್ತು. ಏನೂ ಆಗೂದಿಲ್ಲ.”

ಪಂಜರದ ಹೊರಗೆ, ಜಾಲರಿಯಿಂದ ಒಂದು ಮಾರು ದೂರದಲ್ಲಿ, ಯಂತ್ರದ ಮುಳ್ಳು ಕಾಣುವಂತೆ ಸಂಗಯ್ಯ ಕುಕ್ಕರಗಾಲಲ್ಲಿ ಕುಳಿತ. ಬಾಳವ್ವ ಗುಂಡಿ ಒತ್ತಿದಳು. ಪಂಜರದ ಮೇಲಿನ ಕೆಂಪು ದೀಪ ಹತ್ತಿತು. ಆ ದೀಪ ಹತ್ತುತ್ತಿದ್ದುದು ಕಂಪ್ಯೂಟರಿನ ಆಜ್ಞೆಯಿಂದ. ಯಂತ್ರದಲ್ಲಿ ವೋಲ್ಟ್ ಬಂದಿದೆಯೋ ಇಲ್ಲವೋ ಅದಕ್ಕೆ ತಿಳಿಯದು. ಮುಳ್ಳು ಸೊನ್ನೆಯಿಂದ ಏಳಲಿಲ್ಲ. ಒಂದು ನಿಮಿಷ, ಎರಡು ನಿಮಿಷ, ಮೂರು. ದೀಪ ಆರಿತು.

“ಪಾಸ್ ಅಂತ ಬಂತ್ರಿ ಅಯ್ನಾರ,” ಎಂದು ಬಾಳವ್ವ ಹೊರಗಿನಿಂದ ಹೇಳಿದಳು. ಆ ಒಂದು ಶಬ್ದದ ಗುರುತು ಅವಳಿಗೆ ಸಿಕ್ಕಿತ್ತು.

ಕಾರಣ ಸಿಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಪಂಜರದ ಬಾಗಿಲಿಗೆ ಒಂದು ಸಣ್ಣ ಸ್ವಿಚ್ಚು ಕೂಡಿಸಿದ್ದರು. ಬಾಗಿಲು ಹಾಕಿದಾಗ ಅದು ಒತ್ತಿಕೊಳ್ಳಬೇಕು. ದಿನಕ್ಕೆ ಐವತ್ತು ಸಲ ಬಾಗಿಲು ಬಡಿದು ಬಡಿದು ಅದರ ತಿರುಪು ಸಡಿಲಾಗಿ, ಸ್ವಿಚ್ಚು ಅರ್ಧ ಬೆರಳು ಕೆಳಗೆ ಜಾರಿತ್ತು. ಬಾಗಿಲು ಹಾಕಿದ್ದರೂ ಯಂತ್ರದ ಲೆಕ್ಕಕ್ಕೆ ಅದು ತೆರೆದೇ ಇತ್ತು. ಸಂಗಯ್ಯ ಹೊರಗೆ ಬಂದು, ಯಂತ್ರದಿಂದ ಬರುವ ಉತ್ತರಗಳನ್ನು ಪರದೆಯ ಮೇಲೆ ತೋರಿಸುವಂತೆ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿ, ಮತ್ತೊಮ್ಮೆ ನಡೆಸಿದ. ‘ಕೊಡು’ ಎಂಬ ಆಜ್ಞೆ ಹೋಯಿತು. ಉತ್ತರ ಬಂತು: ಐದು.

ದೀಪಾವಳಿಯಿಂದೀಚೆಗೆ ಕೆಲಸ ನಡೆದ ಹನ್ನೊಂದು ದಿನವೂ ಯಂತ್ರ ಹೀಗೇ ಉತ್ತರ ಕೊಟ್ಟಿತ್ತು. ಪ್ರತಿಯೊಂದು ಕೈಗವಸಿಗೂ ಅದು ಒಲ್ಲೆ, ಬಾಗಿಲು ತೆರೆದಿದೆ ಎಂದು ಹೇಳಿತ್ತು. ಆ ಮಾತನ್ನು ಓದಬೇಡವೆಂದು ಬರೆದವನು ತಾನು. ಸಂಗಯ್ಯನಿಗೆ ಯಂತ್ರದ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕೈಯಲ್ಲಿ ಕೆಲಸ ಬಲ್ಲವನು ತಪ್ಪು ಮಾಡಿದಾಗ ಬರುವ ನಾಚಿಕೆ ಬೇರೆ ತರಹದ್ದು.

“ಏನಾತ್ರಿ?” ಎಂದಳು ಬಾಳವ್ವ.

“ಪರೀಕ್ಷಾನ ಆಗಿಲ್ಲ, ಬಾಳವ್ವ. ಸಿಕ್ಕಾ ಅಷ್ಟ ಹೊಡದೇವಿ.”

ಬಾಳವ್ವ ಶಾಯಿ ಹತ್ತಿದ ತನ್ನ ಬೆರಳುಗಳನ್ನು ನೋಡಿಕೊಂಡಳು. ಆಮೇಲೆ, “ಸಿಕ್ಕಾ ನಾನ ಹೊಡದೇನ್ರಿ,” ಎಂದಳು ಮೆಲ್ಲಗೆ.

ಶಿವಸಂಗಪ್ಪನವರು ಮಧ್ಯಾಹ್ನ ಬಂದರು. ಅರವತ್ತರ ಹತ್ತಿರದ, ಮಾತಿನಲ್ಲಿ ಮೆತ್ತಗಿನ ಮನುಷ್ಯ. ಹುನಗುಂದದಲ್ಲಿ ವಿದ್ಯುತ್ ಸಾಮಾನಿನ ಅಂಗಡಿ ಇತ್ತು. ಸಂಗಯ್ಯ ನಡೆದದ್ದನ್ನೆಲ್ಲ ಮುಚ್ಚದೆ ಹೇಳಿದ. ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟು ಕೇಳಿದರು.

“ಈಗೇನ್ ಮಾಡೂದಂತೀರಿ, ಸಂಗಯ್ಯಾರ?”

“ಎಲ್ಲಾ ತಿರುಗಿ ತರಸ್ಬೇಕ್ರಿ, ಸಾವ್ಕಾರ್ರ.”

“ಅವ್ರಿಗೆ ಏನಂತ ಹೇಳೂದು?”

“ಇದ್ದದ್ದ.”

ಶಿವಸಂಗಪ್ಪ ಬಹಳ ಹೊತ್ತು ಬಾಗಿಲ ಹೊರಗೆ ನೋಡಿದರು. ಕಾರ್ಖಾನೆಯ ಕಲ್ಲಿನ ಧೂಳು ಗಿಡಗಳ ಮೇಲೆಲ್ಲ ಕೂತಿತ್ತು. “ಆರು ತಿಂಗಳಿಗೆ ಅವು ಹೆಂಗೂ ತಿರುಗಿ ಬರ್ತಾವು,” ಎಂದರು. “ಆವಾಗ ಎಲ್ಲಾ ಸರಿಯಾಗಿ ನೋಡಿದ್ರಾತಲ್ಲ. ಲೈನ್ ಬಂದ್ ಮಾಡೇ ಕಂಬಾ ಹತ್ತತಾರ. ಗ್ಲೌಸ್ ಅನ್ನೂದು ಮ್ಯಾಲಿನ ಕಾಳಜಿ. ನಾ ಬ್ಯಾಡ ಅನ್ನೂದಿಲ್ಲ, ವಿಚಾರ ಮಾಡ್ರಿ. ಹೇಳಿದ್ರ ನಾಳಿಂದ ಯಾರೂ ನಮ್ಮ ಕಡೆ ಒಂದ್ ಚೀಲಾ ಕಳಸೂದಿಲ್ಲ.”

“ಲೈನ್ ಬಂದ್ ಆಗೇತಿ ಅಂತ ತಿಳಕೊಂಡ ದಿನಾನ ಗ್ಲೌಸ್ ಬೇಕಾಗೂದ್ರಿ.”

“ಹನ್ನೊಂದ್ ದಿನದ್ದು ಅಷ್ಟ ಸಾಕೇನು?”

ಸಂಗಯ್ಯ ಈ ಪ್ರಶ್ನೆಯನ್ನು ಬೆಳಗಿನಿಂದ ತನಗೆ ತಾನೇ ಕೇಳಿಕೊಂಡಿದ್ದ. ಸ್ವಿಚ್ಚು ಜಾರಿದ್ದು ಹನ್ನೊಂದು ದಿನದಿಂದ. ಆದರೆ ಸಾಲು ತಿದ್ದಿದ್ದು ದಸರೆ ಮುಗಿದ ಮರುದಿನ. ಅಂದಿನಿಂದ ‘ಕೊಡು’ ಎಂಬ ಆಜ್ಞೆಯೇ ಮೋಟಾರಿನ ದೆಸೆಯಿಂದ ಕೆಟ್ಟಿದ್ದರೆ, ಯಂತ್ರ ‘ಎರಡು’ ಎಂದಿರುತ್ತದೆ, ವೋಲ್ಟ್ ಬಂದಿರುವುದಿಲ್ಲ, ಆದರೂ ಪಾಸ್ ಆಗಿರುತ್ತದೆ. ಯಾವುದಕ್ಕೆ ಹಾಗಾಯಿತು, ಯಾವುದಕ್ಕೆ ಆಗಲಿಲ್ಲ ಎಂದು ಹೇಳುವ ಗುರುತು ಎಲ್ಲಿಯೂ ಇಲ್ಲ. ಉತ್ತರಗಳನ್ನು ಅವನು ಎಲ್ಲಿಯೂ ಬರೆದಿಡಿಸಿರಲಿಲ್ಲ.

“ಸಾಕಾಗೂದಿಲ್ರಿ. ನಾ ಆ ಸಾಲು ತಿದ್ದಿದ ದಿನದಿಂದ ಎಲ್ಲಾ ತರಸ್ಬೇಕು. ಇನ್ನೂರಾ ಎಂಬತ್ತು ಜೋಡಿ.”

ಶಿವಸಂಗಪ್ಪ ಟೋಪಿ ಎತ್ತಿ ತಲೆಗಿಟ್ಟುಕೊಂಡರು. “ನನಗ ಒಂದ್ ದಿನ ಕೊಡ್ರಿ,” ಎಂದು ಹೊರಟುಹೋದರು.

ಸಂಗಯ್ಯ ಒಂದು ದಿನ ಕೊಡಲಿಲ್ಲ. ಅಂದೇ ಮಧ್ಯಾಹ್ನ ಸೈಕಲ್ ಹತ್ತಿ ಹುನಗುಂದದ ಲೈನ್ ಕಚೇರಿಗೆ ಹೋದ. ಅಲ್ಲಿನ ಹಿರಿಯ ಲೈನ್‌ಮನ್ ದುರ್ಗಪ್ಪ ಅವನ ರೇಡಿಯೋ ಅಂಗಡಿಯ ಕಾಲದ ಗಿರಾಕಿ. ಮಾತು ಕೇಳಿ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಗೋಡೆಯ ಮೊಳೆಗಳಿಗೆ ನೇತುಹಾಕಿದ್ದ ಜೋಡಿಗಳನ್ನೆಲ್ಲ ಇಳಿಸಿ ಚೀಲಕ್ಕೆ ತುಂಬಿದ. “ರಾಮಥಾಳದ ಕಡೆ ಆರು ಜೋಡಿ ಅದಾವ. ಸಂಜಿಕ್ಕ ನಾನ ಹೋಗಿ ತರ್ತೇನಿ. ಅಲ್ಲಿಗಂಟ ಯಾರೂ ಕೈ ಹಚ್ಚಬ್ಯಾಡ್ರಿ ಅಂತ ಹೇಳ್ತೇನಿ,” ಎಂದ. ಆಮೇಲೆ, “ನೀ ಬಂದು ಹೇಳಿದ್ದು ಚಲೋ ಆತು,” ಎಂದು ಸೇರಿಸಿದ, ಆದರೆ ಸಂಗಯ್ಯನ ಮುಖ ನೋಡದೆ.

ಅಂಚೆ ಕಚೇರಿಯಿಂದ ಬಾಗಲಕೋಟೆಗೂ ಬಾದಾಮಿಗೂ ಟ್ರಂಕ್ ಕಾಲ್ ಬುಕ್ ಮಾಡಿ ಒಂದೂವರೆ ತಾಸು ಕಾದ. ಕೊನೆಗೆ ಬಾದಾಮಿಯ ಲೈನು ಮಾತ್ರ ಸಿಕ್ಕಿತು. ಆ ಕಡೆಯವನು ಯಾರೋ ಗುಮಾಸ್ತ. “ದಸರಾ ಆದ ಮ್ಯಾಲಿನ ಸಿಕ್ಕಾ ಇರೂ ಗ್ಲೌಸ್ ಯಾರೂ ಹಾಕ್ಕೊಳ್ಳಬ್ಯಾಡ್ರಿ ಅಂತ ಹೇಳ್ರಿ,” ಎಂದು ಸಂಗಯ್ಯ ಎರಡು ಸಲ ಕೂಗಿದ. “ಆತ್ರಿ, ಆತ್ರಿ,” ಎಂದು ಕೇಳಿಸಿತು. ಅಷ್ಟರಲ್ಲಿ ಲೈನು ಕಡಿಯಿತು. ಫೋನು ಇಟ್ಟು ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತ ಸಂಗಯ್ಯನಿಗೆ, ಆ ಗುಮಾಸ್ತ ಏನನ್ನು ಕೇಳಿಸಿಕೊಂಡು ಆತು ಎಂದನೋ ತಿಳಿಯದಾಯಿತು. ಮೊದಲಾಗಿದ್ದರೆ ಹೇಳಿ ಆಯಿತು ಎಂದು ಎದ್ದು ಹೋಗಿರುತ್ತಿದ್ದ. ಮರುದಿನ ಬೆಳಗಿನ ಮೊದಲ ಬಸ್ಸಿಗೆ ಬಾದಾಮಿಗೆ ಹೊರಟ.

ಬಾದಾಮಿಯ ಕಚೇರಿಯಲ್ಲಿ ನಿನ್ನೆಯ ಫೋನಿನ ಸುದ್ದಿ ಒಬ್ಬರಿಗೆ ಗೊತ್ತಿತ್ತು, ಮೂವರಿಗೆ ಗೊತ್ತಿರಲಿಲ್ಲ. ಚೊಳಚಗುಡ್ಡದ ಲೈನ್ ನೋಡಿಕೊಳ್ಳುವ ಇಮಾಮಹುಸೇನ ಎಂಬ ಲೈನ್‌ಮನ್ ಬೆಳಿಗ್ಗೆಯೇ ಹೊರಟುಹೋಗಿದ್ದ. ಟ್ರಾನ್ಸ್‌ಫಾರ್ಮರಿನ ಫ್ಯೂಸು ಹೋಗಿದೆ, ಅಲ್ಲೇ ಇರುತ್ತಾನೆ ಎಂದರು. ಸಂಗಯ್ಯ ಟಾಂಗಾ ಹಿಡಿದು ಬನಶಂಕರಿಯ ದಾರಿಗೆ ಹೋದ. ದಾರಿಯುದ್ದಕ್ಕೂ ಅವನ ಕಣ್ಣು ಕಂಬಗಳ ಮೇಲೆಯೇ ಇತ್ತು. ಕಂಬದ ಮೇಲೆ ಮನುಷ್ಯನಿದ್ದರೆ ಕೂಗಬಾರದು, ಬೆಚ್ಚಿ ಕೈ ತಪ್ಪೀತು, ಕೆಳಗಿಳಿಯುವವರೆಗೆ ಕಾಯಬೇಕು ಎಂದು ತನಗೆ ತಾನೇ ಹೇಳಿಕೊಂಡ.

ಇಮಾಮಹುಸೇನ ಕಂಬದ ಮೇಲೆ ಇರಲಿಲ್ಲ. ಬನಶಂಕರಿ ಗುಡಿಯ ಹೊಂಡದಾಚೆ, ಟ್ರಾನ್ಸ್‌ಫಾರ್ಮರಿನ ಕಂಬದ ಬುಡದಲ್ಲಿ ನಿಂತು, ಲೈನು ಕಡಿಯುವ ಉದ್ದನೆಯ ಸ್ವಿಚ್ಚಿನ ಹಿಡಿಕೆಗೆ ಕೈ ಹಾಕುವುದರಲ್ಲಿದ್ದ. ಐವತ್ತು ದಾಟಿದ, ಗಡ್ಡದಲ್ಲಿ ಬಿಳಿ ಬೆರೆತ ಮನುಷ್ಯ. ಎರಡೂ ಕೈಗೆ ಮೊಳಕೈವರೆಗೆ ರಬ್ಬರು.

“ಒಂದ್ ಮಿನಿಟ್ ನಿಂದರ್ರಿ,” ಎಂದ ಸಂಗಯ್ಯ. ದನಿ ಏರದಂತೆ ಎಚ್ಚರ ವಹಿಸಿದ. “ನಾ ಹುನಗುಂದದಿಂದ ಬಂದೇನಿ. ಗ್ಲೌಸ್ ಪರೀಕ್ಷಾ ಮಾಡೂ ಸಂಗಯ್ಯ.”

ಇಮಾಮಹುಸೇನ ಕೈ ಹಿಂದೆ ತೆಗೆದ. ಸಂಗಯ್ಯ ಹತ್ತಿರ ಬಂದು ಹೇಳಬೇಕಾದದ್ದನ್ನು ಹೇಳಿದ. ಹೇಳುತ್ತಿದ್ದಾಗಲೇ ಅವನ ಕಣ್ಣಿಗೆ ಬಿತ್ತು, ಇಮಾಮಹುಸೇನನ ಕೈಗವಸಿನ ಅಂಚಿನ ಮೇಲಿದ್ದ ಸಿಕ್ಕಾ ಈ ಸಲದ್ದಲ್ಲ. ಎರಡು ವರ್ಷ ಹಿಂದಿನದು, ಅರ್ಧ ಅಳಿಸಿತ್ತು.

“ಇವು ಹಳೇವು ಅದಾವಲ್ರಿ,” ಎಂದ.

ಇಮಾಮಹುಸೇನ ನಿಧಾನವಾಗಿ ಕೈಗವಸು ಕಳಚಿದ. ಸೈಕಲ್ಲಿಗೆ ಕಟ್ಟಿದ್ದ ಚೀಲದಿಂದ ಇನ್ನೊಂದು ಜೋಡಿ ತೆಗೆದ. ಅವು ಶೆಡ್ಡಿನಿಂದ ಈ ಸಲ ಹೋದವು, ದೀಪಾವಳಿ ನಂತರದ ಸಿಕ್ಕಾ. ಒಂದನ್ನು ಅಂಚಿನಿಂದ ಬೆರಳುಗಳ ಕಡೆಗೆ ಬಿಗಿಯಾಗಿ ಸುತ್ತುತ್ತ ಬಂದ. ಒಳಗೆ ಸಿಕ್ಕ ಗಾಳಿಗೆ ಬೆರಳುಗಳು ಉಬ್ಬಿದವು. ಹೆಬ್ಬೆರಳಿನ ಬುಡವನ್ನು ಸಂಗಯ್ಯನ ಕೆನ್ನೆಯ ಹತ್ತಿರ ಹಿಡಿದ. ಸೂಜಿಯಷ್ಟು ಗಾಳಿ ಕೆನ್ನೆಗೆ ತಾಗಿತು.

“ದಿನಾ ಮುಂಜಾನಿ ಹಿಂಗ ನೋಡಿ ಹಾಕ್ಕೋತೇನ್ರಿ. ಇವು ಬಂದ ಎರಡನೇ ದಿನಕ್ಕ ಗೊತ್ತಾತು.”

“ಮತ್ತ ಯಾಕ ಯಾರಿಗೂ ಹೇಳ್ಲಿಲ್ಲ?”

ಇಮಾಮಹುಸೇನ ಸ್ವಲ್ಪ ನಕ್ಕ. “ಏನಂತ ಹೇಳ್ಲಿ? ಮಿಶನ್ ನೋಡಿ ಪಾಸ್ ಮಾಡೇತಿ, ಸಿಕ್ಕಾ ಐತಿ. ಅಂದ್ರ ನಂದ ತಪ್ಪು. ಸೈಕಲ್ ಮ್ಯಾಲ ತಂದಾಗ ಜಾಲಿಮುಳ್ಳ ಚುಚ್ಚಿತೇನೋ, ಚೀಲದಾಗ ಇಕ್ಕಳ ತಾಕಿತೇನೋ ಅನಕೊಂಡೆ. ಹೇಳಿದ್ರ ನೀನ ಹಾಳು ಮಾಡಿ ಅಂತಾರ. ಅದಕ್ಕ ಹಳೇವ ಹಾಕ್ಕೊಂಡ್ ನಡಸೀನಿ.”

ಇಬ್ಬರೂ ಕಂಬದ ನೆರಳಿನಲ್ಲಿ ಕುಳಿತರು. ದಾರಿಯುದ್ದಕ್ಕೂ ಸಂಗಯ್ಯ ಏನೇನೋ ಎಣಿಸಿದ್ದ, ಇದೊಂದನ್ನು ಎಣಿಸಿರಲಿಲ್ಲ. ತನ್ನ ಸಿಕ್ಕಾ ನಂಬಿ ಒಬ್ಬ ಸಾಯಬಹುದು ಎಂದು ಹೆದರಿದ್ದ. ಅದನ್ನು ನಂಬಿ ಒಬ್ಬ ತನ್ನ ಕೆನ್ನೆಗೆ ತಾಗಿದ ಗಾಳಿಯ ಮಾತನ್ನು ಯಾರಿಗೂ ಹೇಳದೆ, ತಪ್ಪನ್ನು ತನ್ನ ತಲೆಗೆ ಹೊತ್ತುಕೊಂಡು, ಸುಮ್ಮನೆ ಕೆಲಸ ಮಾಡಿಕೊಂಡು ಹೋಗುತ್ತಾನೆ ಎಂದು ಅವನಿಗೆ ಹೊಳೆದಿರಲಿಲ್ಲ.

“ತಪ್ಪು ನಿಮ್ದಲ್ರಿ,” ಎಂದ ಕೊನೆಗೆ. “ಮಿಶನ್ ಪಾಸ್ ಮಾಡಿಲ್ಲ. ಅದು ಆಗೂದಿಲ್ಲ ಅಂತನ ಹೇಳಿತ್ತು. ಅದರ ಮಾತು ಕೇಳಬಾರ್ದಂಗ ನಾ ಮಾಡಿದ್ದೆ.”

“ಯಾಕ?”

“ಮ್ಯಾಲಿಂದ ಮ್ಯಾಲ ನಿಲ್ತಿತ್ತು. ಕೆಲಸ ಸಾಗ್ತಿರಲಿಲ್ಲ.”

ಇಮಾಮಹುಸೇನ ಅದನ್ನು ಯೋಚಿಸಿದ. ನ್ಯಾಯ ಹೇಳುವವನಂತೆ ಅಲ್ಲ, ತನಗೂ ಗೊತ್ತಿರುವ ವಿಷಯವನ್ನು ಯೋಚಿಸುವವನಂತೆ. “ನಮ್ಮಲ್ಲೂ ಹಂಗ ಐತ್ರಿ,” ಎಂದ. “ಒಂದ್ ಕಡೆ ಫ್ಯೂಸ್ ಪದೇ ಪದೇ ಹೋದ್ರ ದಪ್ಪ ತಂತಿ ಹಾಕಿಬಿಡ್ತಾರ. ಆಮ್ಯಾಲ ಹೋಗೂದಿಲ್ಲ.” ಎದ್ದು ಎರಡೂ ಜೋಡಿಗಳನ್ನು ಸಂಗಯ್ಯನ ಕೈಗೆ ಕೊಟ್ಟ. “ಹಳೇವ್ನೂ ಒಯ್ದು ನೋಡ್ರಿ. ನಾಕ್ ದಿನ ನಾ ಯಾವ್ದಕ್ಕೂ ಕೈ ಹಚ್ಚೂದಿಲ್ಲ. ಊರಾಗ ಕತ್ತಲಿದ್ರ ಇರಲಿ.”

ಶುಕ್ರವಾರ ಸಂಗಯ್ಯ ಶೆಡ್ಡಿಗೆ ಬಂದಾಗ ಹೊರಗೆ ಶಿವಸಂಗಪ್ಪನವರ ಜೀಪು ನಿಂತಿತ್ತು. ಹಿಂದಿನ ಸೀಟಿನ ಮೇಲೆ ಚೀಲಗಳು. ಅವರು ಬೆಳಿಗ್ಗೆಯೇ ಬಾಗಲಕೋಟೆಗೆ ಹೋಗಿ, ಊರೊಳಗಿನ ಕಚೇರಿಯವನ್ನೂ, ಹೊಸದಾಗಿ ಕಂಬ ನೆಡುತ್ತಿದ್ದ ನವನಗರದ ಕೆಲಸದವರ ಕೈಯಲ್ಲಿದ್ದವನ್ನೂ ತಾವೇ ಕೇಳಿ ತಂದಿದ್ದರು. ಅಲ್ಲಿಯ ಸಾಹೇಬರು ಏನಂದರೆಂದು ಹೇಳಲಿಲ್ಲ. ಕಿವಿ ಕೆಂಪಾಗಿದ್ದವು.

“ಒಂದ್ ಜೋಡಿ ಸಿಗ್ಲಿಲ್ಲ,” ಎಂದರು. “ಜಾಫರಸಾಬ ಅಂತ ಲೈನ್‌ಮನ್. ವಿಜಾಪುರದ ಕಡೆ ವರ್ಗ ಆಗೇತಂತ, ಗ್ಲೌಸ್ ಕೂಡ ಒಯ್ದಾನ.” ಆಮೇಲೆ ಕುರ್ಚಿಯ ಮೇಲೆ ಕುಳಿತು, “ಲೆಟರ್ ನೀವ ಬರೀರಿ, ಸಂಗಯ್ಯಾರ. ನಾ ಬರದ್ರ ಸುತ್ತಿ ಬಳಸಿ ಬರೀತೇನಿ,” ಎಂದರು.

ಸಂಗಯ್ಯ ಬರೆದ. ಸ್ವಿಚ್ಚು ಜಾರಿದ್ದನ್ನು ಎರಡನೆಯದಾಗಿ, ತಾನು ಸಾಲು ತಿದ್ದಿದ್ದನ್ನು ಮೊದಲನೆಯದಾಗಿ ಬರೆದ. ಮೂರು ಪ್ರತಿ ಮಾಡಿ ಮೂರೂ ಕಚೇರಿಗೆ ಕಳಿಸಿದರು.

ಪ್ರೋಗ್ರಾಮನ್ನು ಮತ್ತೆ ಬರೆಯಲು ಎರಡು ದಿನ ಹಿಡಿಯಿತು. ಈಗ ಒಂದೊಂದು ಆಜ್ಞೆಯ ಉತ್ತರ ಬರುವವರೆಗೆ ಅದು ಕಾಯುತ್ತಿತ್ತು. ಉತ್ತರವೇ ಬಾರದಿದ್ದರೆ ನಿಲ್ಲುತ್ತಿತ್ತು. ‘ಎರಡು’ ಬಂದರೆ ಅದೇ ಆಜ್ಞೆಯನ್ನು ಮತ್ತೆ ಕಳಿಸುತ್ತಿತ್ತು, ಮೂರು ಸಲದ ಮೇಲೆ ನಿಲ್ಲುತ್ತಿತ್ತು. ಬೇರೆ ಯಾವ ನಂಬರು ಬಂದರೂ ಮೊದಲು ವೋಲ್ಟ್ ನಿಲ್ಲಿಸುತ್ತಿತ್ತು. ಬಂದ ಉತ್ತರಗಳೆಲ್ಲ ಪ್ರಿಂಟರಿನ ಕಾಗದದ ಮೇಲೆ ಅಚ್ಚಾಗುತ್ತಿದ್ದವು. ವೋಲ್ಟ್ ಕೊಡು ಎಂದ ಮೇಲೆ ಎಷ್ಟು ಬಂದಿದೆ ಎಂದು ಯಂತ್ರವನ್ನೇ ಕೇಳಿ, ಐವತ್ತು ಸಾವಿರ ಎಂದರೆ ಮಾತ್ರ ಮೂರು ನಿಮಿಷದ ಎಣಿಕೆ ಸುರುವಾಗುತ್ತಿತ್ತು. ಕೆಂಪು ದೀಪದ ತಂತಿಯನ್ನು ಕಂಪ್ಯೂಟರಿನಿಂದ ಬಿಡಿಸಿ ಯಂತ್ರಕ್ಕೆ ಜೋಡಿಸಿದ. ಇಷ್ಟೆಲ್ಲ ಮಾಡಿಯೂ ಅವನಿಗೆ ಪರದೆಯನ್ನು ನಂಬುವ ಧೈರ್ಯ ಬರಲಿಲ್ಲ. ದಿನವೂ ಕೆಲಸ ಸುರು ಮಾಡುವ ಮೊದಲು, ಬಾಳವ್ವ ಬೇಕೆಂದೇ ಸೂಜಿ ಚುಚ್ಚಿದ ಒಂದು ಹಳೆಯ ಕೈಗವಸನ್ನು ತೊಟ್ಟಿಯಲ್ಲಿ ಇಳಿಬಿಡುವಂತೆ ಗೊತ್ತು ಮಾಡಿದ. ಅದು ‘ಫಟ್’ ಎಂದು ಕೆಟ್ಟಿತು ಎಂದು ಕಂಪ್ಯೂಟರು ಹೇಳಿದ ಮೇಲೆಯೇ ಉಳಿದದ್ದು.

ತಿರುಗಿ ಬಂದವುಗಳಲ್ಲಿ ಹದಿನಾಲ್ಕು ಕೈಗವಸು ಕೆಟ್ಟವು. ಹನ್ನೆರಡು ಆ ಹನ್ನೊಂದು ದಿನದವು. ಎರಡು ಅದಕ್ಕೂ ಮೊದಲಿನವು. ಆ ಎರಡನ್ನು ಸಂಗಯ್ಯ ಶಿವಸಂಗಪ್ಪನವರ ಮುಂದಿಟ್ಟಾಗ ಅವರು ಒಂದನ್ನು ಎತ್ತಿ ಬೆಳಕಿಗೆ ಹಿಡಿದು ತೂತು ಹುಡುಕಿದರು. ಕಣ್ಣಿಗೆ ಕಾಣಿಸಲಿಲ್ಲ.

ಬಾಗಲಕೋಟೆಯವರು ನಾಲ್ಕು ತಿಂಗಳು ಚೀಲ ಕಳಿಸಲಿಲ್ಲ. ಹುನಗುಂದದವರು ನಿಲ್ಲಿಸಲೇ ಇಲ್ಲ. ಬಾದಾಮಿಯಿಂದ ಒಬ್ಬ ಅಧಿಕಾರಿ ಬಂದು ಇಡೀ ದಿನ ಕೂತು ಪರೀಕ್ಷೆ ನೋಡಿ ಹೋದರು. ಕೆಲಸ ಮೊದಲಿಗಿಂತ ನಿಧಾನವಾಯಿತು. ಹುಬ್ಬಳ್ಳಿಯ ಕೇಬಲ್ ಬಂದ ಮೇಲೆ ಸ್ವಲ್ಪ ಸುಧಾರಿಸಿತು. ಸಂಗಯ್ಯ ಕೆಲಸ ಬಿಡುವ ಮಾತು ತೆಗೆದಾಗ ಶಿವಸಂಗಪ್ಪ, “ನೀವು ಮುಚ್ಚಿ ಇಟ್ಟಿದ್ರ ನಿಮ್ಮನ್ನ ಬಿಡಸ್ತಿದ್ದೆ ಅಂತ ದೊಡ್ಡ ಮಾತು ನಾ ಹೇಳೂದಿಲ್ಲ. ನಾನೂ ಮುಚ್ಚೂ ವಿಚಾರದಾಗನ ಇದ್ದೆ. ಅದಕ್ಕ ಇಬ್ರೂ ಕೂಡೇ ಇರೂದು ಚಲೋ,” ಎಂದರು.

ಜಾಫರಸಾಬನಿಗೆ ಸಂಗಯ್ಯ ಐದು ಪತ್ರ ಬರೆದ. ಯಾವುದಕ್ಕೂ ಉತ್ತರ ಬರಲಿಲ್ಲ. ಶಿವರಾತ್ರಿ ಕಳೆದು ಎಂಟು ದಿನಕ್ಕೆ, ಬಿಸಿಲೇರುವ ಹೊತ್ತಿಗೆ, ಎಳೆಯ ವಯಸ್ಸಿನ ಲೈನ್‌ಮನ್ನೊಬ್ಬ ಬಗಲಲ್ಲಿ ಗಂಟು ಹಿಡಿದು ಶೆಡ್ಡಿನ ಬಾಗಿಲಿಗೆ ಬಂದು ನಿಂತ. ಪತ್ರಗಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದು ಹೋದ ವಾರ ಒಟ್ಟಿಗೇ ಕೈಸೇರಿದ್ದವಂತೆ. ಮಾವನ ಮನೆಗೆ ಇಲಕಲ್ಲಿಗೆ ಹೊರಟವನು ಹಾದಿಯಲ್ಲಿ ಇಳಿದಿದ್ದ.

“ಇವ ಏನ್ರಿ ನೀವು ಕೇಳಿದ್ದು?”

ಬಾಳವ್ವ ಗಂಟು ಬಿಚ್ಚಿ ಕೈಗವಸುಗಳಿಗೆ ನೀರು ತುಂಬಿದಳು. ಸಂಗಯ್ಯ ಅವನಿಗೆ ಯಂತ್ರದ ಮುಳ್ಳು ಕಾಣುವಂತೆ, ಜಾಲರಿಯಿಂದ ದೂರದಲ್ಲಿ ಒಂದು ಸ್ಟೂಲು ಹಾಕಿ ಕೂಡಿಸಿ, ಹೊರಗೆ ಹೋಗಿ ಗುಂಡಿ ಒತ್ತಿದ. ಮಗ್ಗುಲಲ್ಲಿ ಕಲ್ಲಿನ ಮೋಟಾರು ಚಾಲೂ ಆಯಿತು. ಕಾಗದದ ಮೇಲೆ ‘ಎರಡು’ ಎಂದು ಅಚ್ಚಾಯಿತು, ಕೆಳಗೆ ‘ಓಕೆ’ ಎಂದು. ಸಂಗಯ್ಯ ಒಳಗೆ ಬಂದು ಜಾಫರಸಾಬನ ಮಗ್ಗುಲಿಗೆ ನಿಂತ. ಮುಳ್ಳು ನಿಧಾನವಾಗಿ ಎದ್ದು ಐವತ್ತಕ್ಕೆ ಬಂದು ನಿಂತಿತು. ಮೂರು ನಿಮಿಷ ಅಲುಗಲಿಲ್ಲ. ಮುಳ್ಳು ಇಳಿಯಿತು. ಎರಡನೆಯ ಕೈಗವಸಿಗೂ ಹಾಗೇ.

“ಚಲೋ ಅದಾವ್ರಿ,” ಎಂದ ಸಂಗಯ್ಯ.

“ಅಂದ್ರ ನಾ ಸುಮ್ನ ಬಂದಂಗಾತು.”

“ಇಲ್ರಿ,” ಎಂದ ಸಂಗಯ್ಯ. “ಈಗ ಗೊತ್ತಾತಲ್ರಿ. ಇಲ್ಲೀಗಂಟ ನಿಮಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ.”

ಬಾಳವ್ವ ಕೈಗವಸುಗಳನ್ನು ಒರೆಸಿ, ಒಳಗೆ ಪೌಡರು ಉದುರಿಸಿ, ಅಂದಿನ ತಾರೀಖಿನ ಸಿಕ್ಕಾವನ್ನು ಅಂಚಿನ ಮೇಲೆ ಒತ್ತಿ ಹಿಡಿದಳು, ಶಾಯಿ ಹರಡದಂತೆ ನಿಧಾನವಾಗಿ ಎತ್ತಿದಳು. ಇಲಕಲ್ಲಿನ ಬಸ್ಸು ಬರಲು ಇನ್ನೂ ಹೊತ್ತಿತ್ತು. ಜಾಫರಸಾಬನನ್ನು ಕರೆದುಕೊಂಡು ಸಂಗಯ್ಯ ಎದುರಿನ ಅಂಗಡಿಗೆ ಚಹಾ ಕುಡಿಯಲು ಹೋದ.